ಸಲ್ಲೇಖನ: ಗುರು ಬೇಡ ಅಂದದ್ದೂ ಉಂಟು

ಶ್ರವಣಬೆಳಗೊಳಕ್ಕೆ ಹೋದವರು ಗೊಮ್ಮಟನನ್ನು ನೋಡಿ ಬಸ್ ಹತ್ತಿಬಿಡುತ್ತಾರೆ. ಎದುರಿನ ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿ, ಹತ್ತುವವರು ಕಡಿಮೆ. ಅಲ್ಲಿ ಬಂಡೆಯ ಮೇಲೇ ಹಳಗನ್ನಡದ ಸಾಲುಗಳಿವೆ. ಮತ್ತೆ ಮತ್ತೆ ಸಿಗುವ ಮಾತು 'ನೋಂತು ಮುಡಿಪಿದರ್'. ವ್ರತ ಹಿಡಿದು ದೇಹ ಬಿಟ್ಟರು ಅಂತ. ಮೊದಲು ಅನ್ನ, ಕೊನೆಗೆ ನೀರು, ಹೀಗೆ ಒಂದೊಂದೇ ಬಿಡುತ್ತಾ ಸಾವಿನವರೆಗೆ ಹೋಗುವ ಜೈನರ ಸಲ್ಲೇಖನ ವ್ರತ ಅದು. ಇಂಥ ಶಾಸನಗಳು ಇಲ್ಲಿ ಸುಮಾರು 7ನೇ ಶತಮಾನದಿಂದಲೂ ಇವೆ.

ಬರೀ ಮುನಿಗಳಲ್ಲ. ರಾಷ್ಟ್ರಕೂಟರ ನಾಲ್ಕನೇ ಇಂದ್ರ 982ರಲ್ಲಿ ಇಲ್ಲೇ ಹೀಗೆ ತೀರಿಕೊಂಡ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಕಣ್ಣು ಅರೆಮುಚ್ಚಿ ಜಪ ಮಾಡುತ್ತಾ, ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳು ಅನ್ನುತ್ತದೆ ಶಾಸನ. ನನಗಂತೂ ಅದರಲ್ಲಿ ವೈರಾಗ್ಯಕ್ಕಿಂತ ಮಗಳು ಹೋದ ಸಂಕಟವೇ ಜಾಸ್ತಿ ಕಾಣುತ್ತದೆ.

ಇದು ವ್ರತವೋ ಆತ್ಮಹತ್ಯೆಯೋ? 2006ರಲ್ಲಿ ಹಾಕಿದ ಅರ್ಜಿಯೊಂದರ ಮೇಲೆ ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್ 10ರಂದು ಆತ್ಮಹತ್ಯೆ ಅಂದಿತು. ಅಲ್ಲಿನ ಶ್ವೇತಾಂಬರರು, ಅಂದರೆ ಬಿಳಿ ಬಟ್ಟೆ ಉಡುವ ಮುನಿಗಳ ಪಂಥದ ಜೈನರು, ಇದನ್ನು ಸಂಥಾರಾ ಅನ್ನುತ್ತಾರೆ. ಜೈನರು ಬೀದಿಗಿಳಿದರು, 31ಕ್ಕೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಆದರೆ ವ್ರತ ಯಾರಿಗೆ ಎಷ್ಟು ಕಠಿಣ ಇರಬೇಕು ಅನ್ನೋದನ್ನ ಜೈನರೇ ಹಿಂದೆಯೇ ಯೋಚಿಸಿದ್ದರು. ಅಹಿಂಸೆ, ಸತ್ಯ ಮೊದಲಾದ ಐದು ವ್ರತ ಮುನಿಗೂ ಅದೇ, ಸಂಸಾರಿಗೂ ಅದೇ. ಮುನಿ ಪೂರ್ತಿ ಪಾಲಿಸಬೇಕು, ಅದು ಮಹಾವ್ರತ; ಸಂಸಾರಿಗೆ ಸಡಿಲ, ಅದು ಅಣುವ್ರತ. ಬಟ್ಟೆ ಉಡದ ದಿಗಂಬರ ಮುನಿ ದಿನಕ್ಕೊಮ್ಮೆ, ನಿಂತುಕೊಂಡು, ಬೊಗಸೆಯಲ್ಲಿ ಉಣ್ಣಬೇಕು, ತಲೆಕೂದಲನ್ನು ಕೈಯಿಂದಲೇ ಕೀಳಬೇಕು. ಮನೆಯವರು ಕತ್ತಲಾಗುವ ಮೊದಲು ಊಟ ಮುಗಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದು, ಅಷ್ಟಮಿ ಚತುರ್ದಶಿಗೆ ಉಪವಾಸ ಮಾಡಿದರೆ ನಡೆಯುತ್ತದೆ.

ಸಲ್ಲೇಖನಕ್ಕೂ ಸುಮ್ನೆ ಅಪ್ಪಣೆ ಸಿಗುವುದಿಲ್ಲ. ದಾಟಲಾಗದ ಆಪತ್ತು, ಬರಗಾಲ, ಮುಪ್ಪು, ವಾಸಿಯಾಗದ ಕಾಯಿಲೆ, ಇಂಥ ಹೊತ್ತಿಗೆ ಮಾತ್ರ ಅಂತ ಹಿಂದಿನ ಕಾಲದ ದಿಗಂಬರ ಮುನಿ ಸಮಂತಭದ್ರಾಚಾರ್ಯರು ಬರೆದಿಟ್ಟಿದ್ದಾರೆ. ತಮಾಷೆ ಅಂದರೆ, ಅವರದ್ದೇ ಒಂದು ಕಥೆಯಿದೆ. ಎಷ್ಟು ತಿಂದರೂ ಹಸಿವು ತೀರದ ಭಸ್ಮಕ ರೋಗ ಬಂದರೆ, ದಿನಕ್ಕೊಮ್ಮೆ ಬೊಗಸೆಯಲ್ಲಿ ಉಣ್ಣುವ ಮುನಿ ಪಾಪ ಏನು ಮಾಡಬೇಕು ಹೇಳಿ? ಸಲ್ಲೇಖನ ಕೊಡಿ ಅಂತ ಗುರುವನ್ನು ಕೇಳಿದರಂತೆ. ಗುರು ಒಪ್ಪಲಿಲ್ಲ. ನಿನ್ನಿಂದ ಇನ್ನೂ ಕೆಲಸವಾಗಬೇಕು, ದೀಕ್ಷೆ ಬಿಡು, ಮೊದಲು ರೋಗ ವಾಸಿ ಮಾಡಿಕೋ ಅಂದರಂತೆ. ಸಮಂತಭದ್ರರು ವೇಷ ಬದಲಿಸಿ ಶಿವನ ಗುಡಿ ಸೇರಿ, ಅಲ್ಲಿನ ರಾಶಿ ನೈವೇದ್ಯವನ್ನೆಲ್ಲ ಬಾಗಿಲು ಹಾಕಿಕೊಂಡು ತಾವೇ ಉಂಡರು. ಹಸಿವು ಇಳಿಯುತ್ತಾ ಬಂದು ಒಂದು ದಿನ ನೈವೇದ್ಯ ಮಿಕ್ಕಿತು, ಸಿಕ್ಕಿಬಿದ್ದರು. ಮತ್ತೆ ದೀಕ್ಷೆ ತಗೊಂಡದ್ದು ಆಮೇಲೆ.