ಗ್ರೀಸ್ ಹೋಗಿ ರಬ್ಬರ್ ಬಂದ ರೋಟರ್

ದಸರಾ ದಿನಗಳಲ್ಲಿ ಮೈಸೂರಿನ ಲಲಿತಮಹಲ್ ಹೆಲಿಪ್ಯಾಡಿನಲ್ಲಿ ನಿಂತವರ ಕಣ್ಣು ಹೆಲಿಕಾಪ್ಟರಿನ ತಿರುಗುವ ರೆಕ್ಕೆಗಳ ಮೇಲೆ. ಆ ರೆಕ್ಕೆಗಳ ಚಕ್ರದಲ್ಲಿ, ಅಂದರೆ ರೋಟರಿನಲ್ಲಿ, ದೊಡ್ಡ ಬದಲಾವಣೆ ಆಗಿರುವುದು ರೆಕ್ಕೆಗಳು ಬಂದು ಸೇರುವ ನಡುಭಾಗದಲ್ಲಿ, ಅಂದರೆ ಹಬ್‌ನಲ್ಲಿ.

ಮುಂದಕ್ಕೆ ಹಾರುವಾಗ ಗಾಳಿಗೆ ಎದುರಾಗಿ ಬರುವ ರೆಕ್ಕೆಗೆ, ಅಂದರೆ ಬ್ಲೇಡಿಗೆ, ಎತ್ತುಬಲ ಜಾಸ್ತಿ, ಹಿಂದಕ್ಕೆ ಸರಿಯುವುದಕ್ಕೆ ಕಡಿಮೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಬ್ಲೇಡ್ ಮೇಲೆ ಕೆಳಗೆ, ಹಿಂದೆ ಮುಂದೆ ಆಡಲೇಬೇಕು. ಹಳೆಯ ಚೇತಕ್ ಹೆಲಿಕಾಪ್ಟರಿನಲ್ಲಿ ಈ ಆಟಕ್ಕೆ ಉಕ್ಕಿನ ಹಿಂಜ್‌ಗಳಿವೆ (ಬಾಗಿಲಿನ ಕೀಲಿನಂಥವು), ಅವಕ್ಕೆ ಕಾಲಕಾಲಕ್ಕೆ ಗ್ರೀಸ್ ಬೇಕು. 1992ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಧ್ರುವ್‌ನಲ್ಲಿ ಆ ಹಿಂಜ್‌ಗಳೇ ಇಲ್ಲ. ನಾರು, ರಾಳ ಸೇರಿಸಿ ಮಾಡಿದ ಕಾಂಪೋಸಿಟ್ ಬ್ಲೇಡಿನ ಬುಡವೇ ಬಾಗುತ್ತದೆ. ಉಳಿದದ್ದನ್ನು ರಬ್ಬರ್ ಮತ್ತು ತೆಳು ಲೋಹದ ತಗಡುಗಳನ್ನು ಪದರಪದರವಾಗಿ ಅಂಟಿಸಿದ ಬೇರಿಂಗ್ ತಾಳಿಕೊಳ್ಳುತ್ತದೆ.

ಗ್ರೀಸ್‌ಗೆ ಪಳಗಿದ ಕೈ ಇಲ್ಲಿ ಅಪಾಯ. ಎಣ್ಣೆ ತಗುಲಿದರೆ ರಬ್ಬರ್ ಉಬ್ಬಿ ಅಂಟು ಬಿಡುತ್ತದೆ. ಅಂಚಿನಲ್ಲಿ ಪೆನ್ಸಿಲ್ ಅಳಿಸಿದಾಗ ಉದುರುವಂಥ ಪುಡಿ ಕಂಡರೆ ಗಾಬರಿ ಬೇಡ, ಬಿರುಕಿದ್ದರೆ ಅದರ ಉದ್ದ, ಆಳ ಅಳೆದು ಕೈಪಿಡಿಯ ಮಿತಿಗೆ ಹೋಲಿಸಿ. ತಗಡೇ ಹೊರಗೆ ಜಾರಿದ್ದರೆ ಮಾತಿಲ್ಲ, ಬೇರಿಂಗ್ ಬದಲಿಸಬೇಕು.

ಬ್ಲೇಡಿನ ಪರೀಕ್ಷೆಗೆ ಕಿವಿ ಬೇಕು. ಮದ್ದೂರಿನ ವ್ಯಾಪಾರಿ ಎಳನೀರು ಬಡಿದು ನೋಡುವಂತೆ, ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಟಣ್ ಎನ್ನುತ್ತಿದ್ದದ್ದು ಒಂದು ಕಡೆ ಬೊದ್ದೆಂದರೆ ಒಳಪದರ ಬಿಟ್ಟಿರಬಹುದು; ಆ ಜಾಗಕ್ಕೆ ಗುರುತು ಹಾಕಿ ಅಲ್ಟ್ರಾಸೌಂಡ್‌ನಿಂದ ಖಚಿತಪಡಿಸಿಕೊಳ್ಳಿ. ಒಣನೆಲದಲ್ಲಿ ಇಳಿದು ಏರುವ ಯಂತ್ರದ ಬ್ಲೇಡಿನ ಮುಂಅಂಚಿನ ಲೋಹಪಟ್ಟಿ ಧೂಳಿಗೆ ಸವೆಯುತ್ತದೆ, ಅದೂ ತುದಿಯ ಕಡೆ ಹೆಚ್ಚು, ವೇಗ ಅಲ್ಲೇ ಹೆಚ್ಚಿರುವುದರಿಂದ.

ಇನ್ನು ನಡುಕ. ಸುತ್ತಿಗೊಮ್ಮೆ ಬರುವ ಕುಲುಕಾಟ ಪಕ್ಕಕ್ಕಿದ್ದರೆ ತೂಕದ ದೋಷ, ಹಬ್ಬಿನ ತೂಕ ಸರಿಮಾಡಿ. ಮೇಲೆ ಕೆಳಗಿದ್ದರೆ ಬ್ಲೇಡುಗಳು ಒಂದೇ ಜಾಡಿನಲ್ಲಿ ಸುತ್ತುತ್ತಿಲ್ಲ. ನಿಂತಲ್ಲೇ ತೇಲುವಾಗಲೂ ಜಾಡು ತಪ್ಪಿದ್ದರೆ ಪಿಚ್ ಲಿಂಕ್‌ನ (ಬ್ಲೇಡಿನ ಓರೆ ಹೊಂದಿಸುವ ಸರಳು) ಉದ್ದ ಸರಿಮಾಡಿ, ವೇಗ ಏರಿದಂತೆ ತಪ್ಪುತ್ತಿದ್ದರೆ ಹಿಂಅಂಚಿನ ಟ್ಯಾಬ್ (ಬಗ್ಗಿಸಬಹುದಾದ ಚಿಕ್ಕ ತಗಡು) ಸರಿಮಾಡಿ. ಈ ಕ್ರಮ ಬಿಟ್ಟು ಮೊದಲೇ ಟ್ಯಾಬ್ ಬಗ್ಗಿಸುವವರು ಇಡೀ ದಿನ ಕಳೆಯುತ್ತಾರೆ. ನಾಲ್ಕು ಬ್ಲೇಡಿನ ಯಂತ್ರದಲ್ಲಿ ಪ್ರತಿ ಸುತ್ತಿನಲ್ಲೂ ನಾಲ್ಕು ಸಲ ಬರುವ ನಡುಕ ಮಾತ್ರ ಇದ್ಯಾವುದಕ್ಕೂ ಬಗ್ಗದು, ಅದು ಹುಟ್ಟುಗುಣ. ಅದು ಮೊದಲಿಗಿಂತ ಹೆಚ್ಚಾಗಿದ್ದರೆ ಬ್ಲೇಡು ಬಿಟ್ಟು ಗೇರ್‌ಬಾಕ್ಸ್ ಕೆಳಗಿನ ಐಸೊಲೇಟರ್‌ಗಳನ್ನು, ಅಂದರೆ ನಡುಕ ತಡೆಯುವ ಆಧಾರಗಳನ್ನು, ನೋಡಿ.