ಪೆನ್ನಿಗೆ ಗಡಸುತನ ಗೊತ್ತಿಲ್ಲ

ಅಕ್ವೇರಿಯಂ ನೀರಿನ ಗಡಸುತನ ಎಷ್ಟಿದೆ ಅಂತ ಕೇಳಿದರೆ ಹೆಚ್ಚಿನವರು ನನಗೆ ಕಳಿಸುವುದು ಟಿಡಿಎಸ್ ಪೆನ್ನಿನ, ಅಂದರೆ ನೀರಿನಲ್ಲಿ ಕರಗಿದ ಒಟ್ಟು ಅಂಶ ಎಷ್ಟೆಂದು ತೋರಿಸುವ ಪುಟ್ಟ ಮೀಟರಿನ ಫೋಟೊ. ಆರ್‌ಒ ಯಂತ್ರ ಮಾರಲು ಬಂದವನು ಯಾವಾಗಲೋ ಅದನ್ನು ಬಾವಿ ನೀರಿಗೆ ಅದ್ದಿ, ಹೆದರಿಸಿ ಹೋಗಿರುತ್ತಾನೆ. ಆಮೇಲೆ ಮನೆಯಲ್ಲಿ ನೀರಿನ ಯಾವ ಪ್ರಶ್ನೆ ಬಂದರೂ ಪೆನ್ನೇ ಉತ್ತರ. ನಮ್ಮ ಕಾಸರಗೋಡಿನ ಕುಂಬಳೆಯಲ್ಲೂ ಇದೇ, ಬದಿಯಡ್ಕದಲ್ಲೂ ಇದೇ. ಹೇಳಿ ಹೇಳಿ ಸಾಕಾಗಿದೆ.

ಆ ಪೆನ್ನಿನ ತುದಿಯಲ್ಲಿ ಎರಡು ಲೋಹದ ಕಡ್ಡಿಗಳಿವೆ. ನಡುವಿನ ನೀರು ಎಷ್ಟು ಕರೆಂಟು ಹಾಯಿಸುತ್ತದೆ ಎಂದಷ್ಟೇ ಅದು ಅಳೆಯುತ್ತದೆ. ಅದನ್ನು ಒಂದು ಅಂಕಿಯಿಂದ ಗುಣಿಸಿ ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ) ಎಂದು ತೋರಿಸುತ್ತದೆ. ಕರೆಂಟು ಹಾಯಿಸಿದ್ದು ಅಡುಗೆ ಉಪ್ಪೋ, ಸುಣ್ಣದ ಅಂಶವೋ, ತೋಟದಿಂದ ಇಳಿದ ಗೊಬ್ಬರವೋ ಅದಕ್ಕೆ ಗೊತ್ತಾಗುವುದಿಲ್ಲ. ಗಡಸುತನ ಎಂದರೆ ಮುಖ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡರ ಲೆಕ್ಕ. ಪೆನ್ನು ನೋಡಿ ಗಡಸುತನ ಹೇಳುವುದೆಂದರೆ, ಗೋಣಿಯನ್ನು ತೂಕಕ್ಕಿಟ್ಟು ಒಳಗಿರುವುದು ಚಾಲಿ ಅಡಿಕೆಯೋ ಕೊಬ್ಬರಿಯೋ ಎಂದು ಹೇಳಿದ ಹಾಗೆ.

ನಂಬಿಕೆ ಬರದಿದ್ದರೆ ಮನೆಯಲ್ಲೇ ಮಾಡಿ ನೋಡಿ. ಒಂದು ಲೀಟರ್ ಬಾವಿ ನೀರಿಗೆ ಅರ್ಧ ಗ್ರಾಂ ಪುಡಿ ಉಪ್ಪು ಕರಗಿಸಿ. ಪೆನ್ನಿನ ಅಂಕಿ ಮೊದಲಿಗಿಂತ ಸುಮಾರು 500 ಹೆಚ್ಚಾಗುತ್ತದೆ. ಅದೇ ನೀರಿಗೆ ಹನಿ ಪರೀಕ್ಷೆ (ಮದ್ದಿನ ಹನಿ ಎಣಿಸಿ ಗಡಸುತನ ಅಳೆಯುವುದು) ಮಾಡಿ, ಗಡಸುತನ ಇದ್ದಲ್ಲೇ ಇರುತ್ತದೆ. ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ಇದ್ದ ಮನೆಯಲ್ಲಿ ಇನ್ನೊಂದು ತಮಾಷೆ. ಅದು ಕ್ಯಾಲ್ಸಿಯಂ ಹಿಡಿದಿಟ್ಟು ಬದಲಿಗೆ ಸೋಡಿಯಂ ಬಿಡುತ್ತದೆ. ಗಡಸುತನ ಸೊನ್ನೆಯ ಹತ್ತಿರಕ್ಕೆ ಬಂದಿರುತ್ತದೆ, ಪೆನ್ನಿನ ಅಂಕಿ ಮಾತ್ರ ಹೆಚ್ಚುಕಡಿಮೆ ಮೊದಲಿನದೇ.

ಪೆನ್ನು ಬಿಸಾಡಿ ಅಂತ ನಾನು ಹೇಳುವುದಿಲ್ಲ. ಅದು 30 ತೋರಿಸಿದರೆ ಗಡಸುತನ ಜಾಸ್ತಿ ಇರಲು ಸಾಧ್ಯವಿಲ್ಲ, ಅಷ್ಟು ನಿಜ. 300 ತೋರಿಸಿದಾಗ ಮಾತ್ರ ಸುಮ್ನೆ ಊಹಿಸಬೇಡಿ.

ಹನಿ ಪರೀಕ್ಷೆಯ ಕಿಟ್‌ನಲ್ಲಿ ಎರಡು ಬಾಟಲಿ ಇರುತ್ತದೆ, ಒಂದು ಜಿಎಚ್‌ಗೆ, ಒಂದು ಕೆಎಚ್‌ಗೆ. ಜಿಎಚ್ ಎಂದರೆ ಮೇಲೆ ಹೇಳಿದ ಗಡಸುತನ. ಕೆಎಚ್ ಎಂದರೆ ನೀರು ಆಮ್ಲವನ್ನು ತಡೆದುಕೊಳ್ಳುವ ಶಕ್ತಿ. ಸಾಮಾನ್ಯ ಕಿಟ್‌ನಲ್ಲಿ 5 ಮಿಲಿ ನೀರಿಗೆ ಒಂದು ಹನಿ ಎಂದರೆ ಒಂದು ಡಿಗ್ರಿ, ಅಂದರೆ 17.8 ಪಿಪಿಎಂ. ಬಾಟಲಿಯನ್ನು ನೆಟ್ಟಗೆ ಹಿಡಿಯಿರಿ, ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ಪ್ರತಿ ಹನಿಗೂ ಅಲುಗಾಡಿಸಿ, ಹಿಂದೆ ಬಿಳಿ ಕಾಗದ ಹಿಡಿದು ಬಣ್ಣ ನೋಡಿ. ಬಣ್ಣ ಬದಲಾಗುವವರೆಗೆ (ಕೆಎಚ್‌ಗಾದರೆ ನೀಲಿಯಿಂದ ಹಳದಿಗೆ) ಹನಿ ಎಣಿಸಿ.

ಪೆರ್ಲ ಕಡೆಯ ನಿವೃತ್ತ ಮಾಷ್ಟ್ರೊಬ್ಬರು ಒಮ್ಮೆ ಫೋನ್ ಮಾಡಿ ಬೈದರು. "ನೀನು ಕೊಟ್ಟ ಕಿಟ್ ಹಾಳು ಮಾರಾಯ. ಕೆಎಚ್ ಬಾಟಲಿಯ ಮೊದಲ ಹನಿಗೇ ಹಳದಿ. ನೀಲಿ ಬರುವುದೇ ಇಲ್ಲ."

"ಕಿಟ್ ಸರಿ ಇದೆ ಮಾಷ್ಟ್ರೇ. ನಿಮ್ಮ ಸುರಂಗದ ನೀರೇ ಹಾಗೆ."

ಅವರಿಗೆ ಬೇಸರವಾಯಿತು. ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಅಜ್ಜ ತೋಡಿಸಿದ ಸುರಂಗ, ಅದರ ನೀರಿಗೆ ಕುಂದು ಹೇಳಬಹುದಾ? ಕುಂದು ಅಲ್ಲ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದಲ್ಲಿ ಸುಣ್ಣದ ಅಂಶ ತೀರಾ ಕಡಿಮೆ. ಇಳಿದ ಮಳೆ ನೀರು ಮೆದುವಾಗಿಯೇ ಹೊರಗೆ ಬರುತ್ತದೆ. ಕುಡಿಯಲು ಅಂಥ ರುಚಿಯ ನೀರು ಬೇರೆ ಇಲ್ಲ. ಇಂಥ ನೀರನ್ನು 5ರ ಬದಲು 10 ಮಿಲಿ ತೆಗೆದುಕೊಂಡರೆ ಹನಿಗೆ ಅರ್ಧ ಡಿಗ್ರಿಯಂತೆ ಎಣಿಸಬಹುದು. ಅವರು ಸಾಕಿದ್ದು ಮೋಲಿ. ಗಡಸು ನೀರು ಬಯಸುವ ಮೀನದು. ಮೆದು ನೀರಿನಲ್ಲಿ ರೆಕ್ಕೆ ಮಡಚಿಕೊಂಡು ನಿಂತಲ್ಲೇ ಓಲಾಡುತ್ತದೆ. ಮಾಷ್ಟ್ರು ಅದಕ್ಕೆ ರೋಗ ಎಂದುಕೊಂಡು ಮದ್ದಿನ ಮೇಲೆ ಮದ್ದು ಹಾಕಿದ್ದರು. ನಿಯಾನ್ ಟೆಟ್ರಾ ಆಗಿದ್ದರೆ ಅದೇ ನೀರಿನಲ್ಲಿ ಎಷ್ಟೋ ಚೆನ್ನಾಗಿರುತ್ತಿತ್ತು.

ಆದರೆ ಮೀನು ಯಾವುದೇ ಇರಲಿ, ಕೆಎಚ್ ಪೂರ್ತಿ ಸೊನ್ನೆಯಾದರೆ ಕಷ್ಟ. ಮೀನಿನ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಅದನ್ನು ತಡೆಯಲು ಕೆಎಚ್ ಇಲ್ಲದಿದ್ದರೆ ಪಿಎಚ್ ಕುಸಿಯುತ್ತದೆ, ಅಂದರೆ ನೀರು ಆಮ್ಲವಾಗುತ್ತದೆ, ಬ್ಯಾಕ್ಟೀರಿಯಾದ ಕೆಲಸವೂ ನಿಧಾನವಾಗುತ್ತದೆ.

ಇಷ್ಟು ಹೇಳಿದ ಕೂಡಲೇ ಯಾರಾದರೊಬ್ಬರು ಎಲೆಗೆ ಹಚ್ಚುವ ಸುಣ್ಣ ತಂದು ಟ್ಯಾಂಕಿಗೆ ಕಲಸುತ್ತಾರೆ. ದಯವಿಟ್ಟು ಬೇಡ. ಪಿಎಚ್ ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ಅಷ್ಟು ದಿನ ಅಮೋನಿಯಂ ಆಗಿ ಹೆಚ್ಚು ತೊಂದರೆ ಕೊಡದೆ ಇದ್ದದ್ದು ವಿಷದ ಅಮೋನಿಯಾ ಆಗುತ್ತದೆ. ಬೆಳಿಗ್ಗೆ ನೋಡಿದರೆ ಮೀನು ಮೇಲೆ ತೇಲುತ್ತಿರುತ್ತದೆ. ಹೀಗೆ ಮಾಡುವವರು ಅಡಿಕೆ ಕೃಷಿಕರೇ ಎನ್ನುವುದು ನನ್ನ ಸಂಕಟ. ಮಳೆಗಾಲದಲ್ಲಿ ಅಡಿಕೆಗೆ ಸಿಂಪಡಿಸುವ ಬೋರ್ಡೋ ಮದ್ದು ಮಾಡುವಾಗ 100 ಲೀಟರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಎಂದು ತೂಗಿಯೇ ಹಾಕುತ್ತಾರೆ. ಕತ್ತಿ ಅದ್ದಿ, ಅಲಗಿಗೆ ತಾಮ್ರದ ಕೆಂಪು ಹಿಡಿಯಿತಾ ಎಂದು ನೋಡಿದ ಮೇಲೆಯೇ ಮದ್ದು ಬಿಡುವುದು. ಟ್ಯಾಂಕಿನ ಮುಂದೆ ಬಂದಾಗ ಆ ಜಾಗ್ರತೆ ಎಲ್ಲಿ ಹೋಗುತ್ತದೋ! ಅಂದ ಹಾಗೆ, ಮದ್ದು ಬಿಡುವ ದಿನ ಟ್ಯಾಂಕ್ ಮುಚ್ಚಿಡಿ. ಮೆದು ನೀರಿನಲ್ಲಿ ತಾಮ್ರ ಮೀನಿಗೆ ಇನ್ನಷ್ಟು ವಿಷ.

ಸುಣ್ಣದ ಬದಲು, ತೊಳೆದು ಒಣಗಿಸಿದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ಪುಡಿ ಮಾಡಿ, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಡಿ. ನೀರು ಆಮ್ಲವಾದಷ್ಟೂ ಅದು ಕರಗುತ್ತದೆ, ಪಿಎಚ್ ಏರಿದಂತೆ ತಾನಾಗಿ ನಿಧಾನವಾಗುತ್ತದೆ. ಜಿಎಚ್, ಕೆಎಚ್ ಎರಡೂ ಏರುತ್ತವೆ. ಅವಸರ ಇದ್ದರೆ ಅಡುಗೆ ಸೋಡಾ. 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ ಸುಮಾರು ಒಂದು ಡಿಗ್ರಿ ಏರುತ್ತದೆ, ಜಿಎಚ್ ಏರುವುದಿಲ್ಲ. ದಿನಕ್ಕೆ ಅದಕ್ಕಿಂತ ಜಾಸ್ತಿ ಬೇಡ. ನೀರು ತುಂಬಾ ದಿನ ಬದಲಿಸದ ಟ್ಯಾಂಕಾದರೆ ಮೊದಲು ಅಮೋನಿಯಾ ಪರೀಕ್ಷೆ ಮಾಡಿಸಿ.

ಕಡಲ ಬದಿಯವರಿಗೆ ಇದೆಲ್ಲ ಹಾಗೆಯೇ ಹೊಂದುವುದಿಲ್ಲ. ಮೇ ತಿಂಗಳಲ್ಲಿ ಕೆಲವು ಬಾವಿಗಳಿಗೆ ಉಪ್ಪು ನೀರು ನುಗ್ಗುತ್ತದೆ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ ಧಾರಾಳ ಇರುವುದರಿಂದ ಗಡಸುತನವೂ ಏರುತ್ತದೆ. ಮಳೆ ಹಿಡಿದ ಮೇಲೆ ಅದೇ ಬಾವಿಯ ನೀರು ಬೇರೆಯೇ. ಅಂಥವರು ಮೇಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಹನಿ ಎಣಿಸಿ, ಆಮೇಲೆ ಮೀನು ತನ್ನಿ.