ಬಿಳಿ ಟ್ರಿಲಿಯಂ: ನೆರಳಿನ ಹೂವಿಗೆ ತೋಟದಲ್ಲೊಂದು ಜಾಗ

ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿರುವ ಎಲೆಯುದುರುವ ಕಾಡುಗಳಲ್ಲಿ, ಮರಗಳು ಚಿಗುರಿ ನೆಲಕ್ಕೆ ನೆರಳು ಕವಿಯುವ ಮುನ್ನ ಸಿಗುವ ಕೆಲವೇ ವಾರಗಳ ವಸಂತದ ಬಿಸಿಲನ್ನು ನೆಚ್ಚಿಕೊಂಡು ಹೂಬಿಡುವ ಗಿಡಗಳಲ್ಲಿ ಬಿಳಿ ಟ್ರಿಲಿಯಂ ಒಂದು. ಮೂರು ಎಲೆ, ಮೂರು ಪುಷ್ಪಪತ್ರ, ಮೂರು ದಳಗಳ ಈ ಹೂವು ಅರಳಿದಾಗ ಅಚ್ಚ ಬಿಳುಪಾಗಿದ್ದು, ಬಾಡುವ ಹೊತ್ತಿಗೆ ನಸುಗುಲಾಬಿಗೆ ತಿರುಗುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯ 1937ರಲ್ಲಿ ಇದನ್ನು ತನ್ನ ಪುಷ್ಪಲಾಂಛನವಾಗಿ ಆರಿಸಿಕೊಂಡಿತು.

ಇದನ್ನು ಬೀಜದಿಂದ ಬೆಳೆಸಲು ಹೊರಡುವವರು ಮೊದಲು ಇರುವೆಗಳ ಕೆಲಸವನ್ನು ಗಮನಿಸಬೇಕು. ಪ್ರತಿ ಬೀಜಕ್ಕೂ ಕೊಬ್ಬಿನಂಶವುಳ್ಳ ಒಂದು ಮೆತ್ತನೆಯ ತುಣುಕು ಅಂಟಿಕೊಂಡಿರುತ್ತದೆ. ಇರುವೆಗಳು ಅದರ ಆಸೆಗೆ ಬೀಜವನ್ನು ಗೂಡಿಗೆ ಹೊತ್ತೊಯ್ದು, ತುಣುಕನ್ನು ತಿಂದು, ಗಟ್ಟಿಯಾದ ಬೀಜವನ್ನು ಹಾಗೆಯೇ ಎಸೆಯುತ್ತವೆ. ಬಿತ್ತನೆ ಅಲ್ಲಿಗೆ ಮುಗಿಯಿತು. ತೋಟದಲ್ಲಿ ಆ ಕೆಲಸ ನಮ್ಮದಾದ್ದರಿಂದ, ಬೇಸಿಗೆಯಲ್ಲಿ ಕಾಯಿ ಮಾಗಿದ ಕೂಡಲೇ ಬೀಜವನ್ನು ಒಣಗಗೊಡದೆ ಹಸಿಯಾಗಿಯೇ ಬಿತ್ತಬೇಕು. ಮೊದಲ ಚಳಿಗಾಲ ಕಳೆದ ಮೇಲೆ ಬೀಜ ಬೇರನ್ನಷ್ಟೇ ಇಳಿಸುತ್ತದೆ, ನೆಲದ ಮೇಲೆ ಏನೂ ಕಾಣುವುದಿಲ್ಲ. ಇನ್ನೊಂದು ಚಳಿಗಾಲ ದಾಟಿದ ಮೇಲೆಯೇ ಒಂದು ಪುಟ್ಟ ಎಲೆ ತಲೆಯೆತ್ತುತ್ತದೆ. ಎಷ್ಟೋ ಮಂದಿ ಬೀಜ ಹುಸಿಯಾಯಿತೆಂದು ಮಡಿಯನ್ನು ಅಗೆದು ಹಾಕುವುದು ಈ ನಡುವಿನ ಅವಧಿಯಲ್ಲೇ. ಹೂ ನೋಡಲು ಸಾಮಾನ್ಯವಾಗಿ ಏಳು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು.

ಇಷ್ಟು ನಿಧಾನವಾದ್ದರಿಂದಲೇ ಕಾಡಿನಿಂದ ಕಿತ್ತು ತಂದ ಗಿಡಗಳೂ ಮಾರಾಟಕ್ಕೆ ಬರುತ್ತವೆ. ಅವನ್ನು ಕೊಳ್ಳಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಒಂದು ಗಿಡ ಕಿತ್ತ ಜಾಗದಲ್ಲಿ ಮತ್ತೊಂದು ಹೂಬಿಡುವಷ್ಟು ಬೆಳೆಯಲು ಅಷ್ಟೇ ವರ್ಷಗಳು ಬೇಕು. ಜಿಂಕೆಗಳು ಹೆಚ್ಚಿರುವ ಕಾಡಿನಲ್ಲಿ ಅವು ಮೇಯುವುದರಿಂದ ಆ ಅವಕಾಶವೂ ಕುಗ್ಗುತ್ತದೆ. ಬೀಜದಿಂದಲೋ ಗೆಡ್ಡೆ ಬೇರ್ಪಡಿಸಿಯೋ ನರ್ಸರಿಯಲ್ಲೇ ಬೆಳೆಸಿದ ಗಿಡವೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಎಲೆಯುದುರುವ ಮರದ ಬುಡದಲ್ಲಿ, ತರಗೆಲೆ ಕೊಳೆತು ಸಡಿಲಗೊಂಡ, ತೇವವಿದ್ದರೂ ನೀರು ನಿಲ್ಲದ ಮಣ್ಣು ಇದಕ್ಕೆ ಒಗ್ಗುತ್ತದೆ. ಗೆಡ್ಡೆಯನ್ನು ಶರತ್ಕಾಲದಲ್ಲಿ ಸುಮಾರು 5ರಿಂದ 10 ಸೆಂಟಿಮೀಟರ್ ಆಳದಲ್ಲಿ ನೆಟ್ಟು, ಮೇಲೆ ತರಗೆಲೆ ಹೊದಿಸಿದರೆ ಸಾಕು. ಹೂವು ಎಷ್ಟೇ ಚೆಲುವಾಗಿರಲಿ, ಅದನ್ನು ಎಲೆಗಳ ಸಮೇತ ಕೊಯ್ಯಬಾರದು. ಆ ಮೂರು ಎಲೆಗಳೇ ಮುಂದಿನ ವರ್ಷಕ್ಕೆ ಬೇಕಾದ ಆಹಾರವನ್ನು ತಯಾರಿಸಿ ಗೆಡ್ಡೆಗೆ ಇಳಿಸುವುದರಿಂದ, ಅವು ತಾವಾಗಿ ಹಳದಿಯಾಗಿ ಒರಗುವ ತನಕ ಮುಟ್ಟದೆ ಬಿಡಬೇಕು.